ಬೆಲ್ಟ್ ಹೊಂದಿತು, ಹಲ್ಲು ಹೊಂದಲಿಲ್ಲ: ಗುರುತಿಲ್ಲದ ಅಸ್ಥಿಪಂಜರದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಕಾಣೆಯಾದವರು ಇಬ್ಬರು, ಸಿಕ್ಕಿದ್ದು ಒಬ್ಬರ ಮೂಳೆ. ಆ ಮೂಳೆ ಯಾರದ್ದೋ ಅವರ ಹೆಸರು ಕಾಣೆಯಾದವರ ಪಟ್ಟಿಯಲ್ಲಿ ಮೊದಲಿನಿಂದಲೂ ಇತ್ತು. ಆದರೆ ಮೊದಲ ಜರಡಿಯಲ್ಲೇ ಬಿದ್ದುಹೋಗಿತ್ತು. ಯಾರದ್ದಲ್ಲವೋ ಆ ಮನೆಯವರು "ಇದು ನಮ್ಮ ಹುಡುಗನದ್ದೇ" ಎಂದು ಒಪ್ಪಿಕೊಂಡು, ಅಂತ್ಯಸಂಸ್ಕಾರಕ್ಕೆ ಮೂಳೆ ಕೊಡಿ ಎಂದು ಕೇಳುವ ಹಂತಕ್ಕೆ ಬಂದಿದ್ದರು. ಇಂಥ ಕೆಲಸದಲ್ಲಿ ಎಲ್ಲರ ಕಣ್ಣು ಯಾರು ಹೊಂದುತ್ತಾರೆ ಎನ್ನುವುದರ ಮೇಲಿರುತ್ತದೆ. ಯಾರನ್ನು ಯಾವ ಆಧಾರದ ಮೇಲೆ ಪಟ್ಟಿಯಿಂದ ತೆಗೆದೆವು ಎಂದು ಯಾರೂ ಜಾಸ್ತಿ ಕೇಳುವುದಿಲ್ಲ. ಈ ಪ್ರಕರಣ ಕೆಟ್ಟಿದ್ದೂ ಅಲ್ಲೇ, ಸರಿಹೋಗಿದ್ದೂ ಅಲ್ಲೇ.

ಹೆಸರು, ಊರು, ವರ್ಷ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತದ ಹಾಗೆ ಕೆಲವು ಸಣ್ಣ ವಿವರ ಬದಲಿಸಿದ್ದೇನೆ. ಇಬ್ಬರಲ್ಲಿ ಚಿಕ್ಕವನನ್ನು ‘ಹುಡುಗ’ ಎಂದೂ ಇನ್ನೊಬ್ಬರನ್ನು ‘ಹಿರಿಯರು’ ಎಂದೂ ಕರೆಯುತ್ತೇನೆ. ಹುಡುಗನಿಗೆ ಕಾಣೆಯಾದಾಗ 27 ವರ್ಷ, ಹಿರಿಯರಿಗೆ 52.

ಹಿನ್ನೆಲೆ

ಕುರುಚಲು ಗಿಡಗಳ ಇಳಿಜಾರು, ಕೆಳಗೆ ಮಳೆಗಾಲದಲ್ಲಿ ಮಾತ್ರ ನೀರು ಹರಿಯುವ ಹಳ್ಳ. ಸರ್ವೆ ಕೆಲಸಕ್ಕೆ ಹೋದವರಿಗೆ ಹಳ್ಳದ ಕಲ್ಲುಗಳ ಮಧ್ಯೆ ತಲೆಬುರುಡೆ ಕಂಡಿತು. ಪೊಲೀಸರು ಬಂದು ಸುತ್ತಮುತ್ತ ಹುಡುಕಿದಾಗ ತೊಡೆಮೂಳೆ, ಸೊಂಟದ ಮೂಳೆ, ಎದೆಮೂಳೆ, ಕೆಲವು ಪಕ್ಕೆಲುಬು, ಬೆನ್ನುಮೂಳೆಯ ಮಣಿಗಳು ಸಿಕ್ಕವು. ಜೊತೆಗೆ ಕೊಳೆತ ಪ್ಯಾಂಟಿನ ತುಂಡು, ಒಂದು ಬೆಲ್ಟು. ಕೆಳದವಡೆ ಸಿಗಲಿಲ್ಲ. ಪರ್ಸು, ಫೋನು, ಗುರುತಿನ ಚೀಟಿ ಏನೂ ಇರಲಿಲ್ಲ. ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿ ತಂದರು. ಯಾವ ಮೂಳೆ ಎಲ್ಲಿತ್ತು ಎಂಬುದರ ನಕ್ಷೆ ಮಾಡಲಿಲ್ಲ.

ಮೊದಲು ಪರೀಕ್ಷಿಸಿದವರು ಒಬ್ಬ ವೈದ್ಯರು. ಅವರ ವರದಿ ಚುಟುಕಾಗಿತ್ತು: ಗಂಡಸು, 25ರಿಂದ 30 ವರ್ಷ, ಎತ್ತರ ಐದು ಅಡಿ ಎಂಟು ಇಂಚು, ಎದೆಮೂಳೆಯಲ್ಲಿ ಗುಂಡು ಹೊಕ್ಕ ತೂತು. ಅವರನ್ನು ದೂರುವುದು ಸುಲಭ. ಆದರೆ ವೈದ್ಯಕೀಯ ಓದಿನಲ್ಲಿ ಮೆದು ಅಂಗಾಂಶ ಇರುವ ದೇಹವನ್ನು ನೋಡಲು ಕಲಿಸುತ್ತಾರೆ. ಬರೀ ಮೂಳೆ ಓದುವುದು ಬೇರೆಯದೇ ಪಾಠ. ಮೇಲ್ದವಡೆಯ ಹಲ್ಲು ಚೆನ್ನಾಗಿದ್ದವು, ಬುರುಡೆಯ ಹೊಲಿಗೆಗಳು (ಅದರ ಮೂಳೆಗಳು ಕೂಡುವ ಗೆರೆಗಳು) ಇನ್ನೂ ಎದ್ದು ಕಾಣುತ್ತಿದ್ದವು, ಹಾಗಾಗಿ ಯುವಕ ಎಂದುಕೊಂಡರು. ಮೂಳೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ಟೇಪು ಹಿಡಿದು ಎತ್ತರ ಅಳೆದರು.

ಆ ಒಂದು ಪುಟದ ಮೇಲೆ ತನಿಖೆ ಹೊರಟಿತು. ಪೊಲೀಸರು ಕಾಣೆಯಾದ ಗಂಡಸರ ಪಟ್ಟಿಯಲ್ಲಿ 20ರಿಂದ 35 ವರ್ಷದವರನ್ನು ಮಾತ್ರ ಉಳಿಸಿಕೊಂಡರು. ಗುಂಡಿನ ಮಾತು ಬಂದಿದ್ದರಿಂದ ಯಾರಿಗೆ ಯಾರ ಜೊತೆ ಜಗಳ ಇತ್ತು ಎಂಬ ವಿಚಾರಣೆಯೂ ಶುರುವಾಯಿತು. ಪಟ್ಟಿಯಲ್ಲಿ ಹುಡುಗ ಉಳಿದ. ಹಿರಿಯರ ಫೈಲು ತೆರೆಯಲೂ ಇಲ್ಲ.

ಸಮಸ್ಯೆ

ಹುಡುಗನ ಮನೆಯವರಿಗೆ ಬೆಲ್ಟು ತೋರಿಸಿದರು. ತಾಯಿ ನೋಡಿದ ತಕ್ಷಣ ಗುರುತು ಹಿಡಿದರು. ಎತ್ತರವೂ ಸರಿಯಾಗಿತ್ತು, ವಯಸ್ಸೂ ಸರಿಯಾಗಿತ್ತು. ಮೇಲಾಗಿ ಹುಡುಗನ ನಗುವ ಫೋಟೊವೊಂದನ್ನು ಬುರುಡೆಯ ಚಿತ್ರದ ಮೇಲೆ ಕೂರಿಸಿ ನೋಡಿದ್ದರು. ಕಣ್ಣಿನ ಗುಳಿ, ಮೂಗಿನ ಬುಡ, ಹಲ್ಲಿನ ಸಾಲು ಸುಮಾರಾಗಿ ಕೂತಿದ್ದವು. ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತಿವೆ, ಇನ್ನೇನು ಬೇಕು ಅಲ್ವಾ?

ಬೇಕು. ಬಿಡಿಸಿ ನೋಡಿದರೆ ಒಂದೊಂದೂ ಎಷ್ಟು ಬಡಕಲು ಎಂದು ಗೊತ್ತಾಗುತ್ತದೆ. ಆ ಬೆಲ್ಟು ಅಂಗಡಿಗಳಲ್ಲಿ ರಾಶಿ ರಾಶಿ ಮಾರಾಟವಾಗುವಂಥದ್ದು, ಅದರ ಮೇಲೆ ಹೆಸರಿಲ್ಲ, ರಿಪೇರಿ ಮಾಡಿಸಿದ ಗುರುತಿಲ್ಲ. ವಿಪತ್ತಿನಲ್ಲಿ ಸತ್ತವರನ್ನು ಗುರುತಿಸಲು ಇಂಟರ್‌ಪೋಲ್ ಬಳಸುವ ಪದ್ಧತಿಯಲ್ಲಿ ಬೆರಳಚ್ಚು, ಹಲ್ಲು, ಡಿಎನ್‌ಎ ಮುಖ್ಯ ಸಾಕ್ಷ್ಯ. ಬಟ್ಟೆಬರೆಗೆ ಅಲ್ಲಿ ಪೂರಕ ಸ್ಥಾನ ಮಾತ್ರ. ಇನ್ನು ವಯಸ್ಸು ಮತ್ತು ಎತ್ತರ ಹೊಂದಿದ್ದು ಪವಾಡವೇನಲ್ಲ. ಹುಡುಗ ಪಟ್ಟಿಯಲ್ಲಿ ಉಳಿದದ್ದೇ ವಯಸ್ಸು ಹೊಂದಿದ್ದಕ್ಕೆ. ಯಾವುದನ್ನು ಜರಡಿಯಾಗಿ ಬಳಸಿದೆವೋ ಅದನ್ನೇ ಮತ್ತೆ ಸಾಕ್ಷ್ಯವೆಂದು ಎಣಿಸಿದರೆ ಒಂದನ್ನೇ ಎರಡು ಸಲ ಲೆಕ್ಕ ಹಾಕಿದಂತೆ.

ಫೋಟೊ ಕೂರಿಸುವ ವಿಧಾನದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದಕ್ಕೆ ಹೆಸರು ತಂದುಕೊಟ್ಟದ್ದು 1935ರ ರಕ್ಸ್‌ಟನ್ ಪ್ರಕರಣ. ಸ್ಕಾಟ್ಲೆಂಡಿನ ಒಂದು ಕಂದರದಲ್ಲಿ ಇಬ್ಬರು ಹೆಂಗಸರ ತುಂಡಾದ ದೇಹಗಳು ಸಿಕ್ಕಿದ್ದವು. ಜಾನ್ ಗ್ಲೈಸ್ಟರ್ ಮತ್ತು ಜೇಮ್ಸ್ ಬ್ರಾಶ್ ಅವರ ತಂಡ ಬುರುಡೆಗಳ ಚಿತ್ರವನ್ನು ಕಾಣೆಯಾದವರ ಫೋಟೊಗಳ ಮೇಲೆ ಇಟ್ಟು ನೋಡಿತು. ಅಲ್ಲಿ ಕಾಣೆಯಾಗಿದ್ದವರು ಯಾರು ಯಾರು ಎಂದು ಮೊದಲೇ ಅಂದಾಜಿತ್ತು. ಈ ಬುರುಡೆ ಈಕೆಯದ್ದಾಗಲು ಸಾಧ್ಯವಿಲ್ಲ ಎಂದು ಹೇಳುವುದರಲ್ಲಿ ಆ ವಿಧಾನಕ್ಕೆ ಬಲವಿದೆ. ಇದು ಇವರದ್ದೇ ಎಂದು ಹೇಳುವಷ್ಟು ಬಲವಿಲ್ಲ. ಸುಮಾರಾಗಿ ಹೊಂದುವ ಮುಖಗಳು ಲೋಕದಲ್ಲಿ ಬೇಕಾದಷ್ಟಿವೆ. ನಮ್ಮ ಪ್ರಕರಣದಲ್ಲಿ ಆ ಬುರುಡೆಯನ್ನು ಬೇರೆ ಯಾರ ಫೋಟೊ ಜೊತೆಗೂ ಇಟ್ಟು ನೋಡಿರಲಿಲ್ಲ.

ತನಿಖಾಧಿಕಾರಿಗೆ ಒಂದೇ ಒಂದು ಅನುಮಾನ ಉಳಿದಿತ್ತು. ಗುಂಡು ಎದೆಮೂಳೆಯನ್ನು ಹೊಕ್ಕಿದ್ದರೆ ತೂತಿನ ಅಂಚು ಸೀಳಬೇಕಿತ್ತಲ್ಲ, ಇದೇಕೆ ಇಷ್ಟು ನುಣುಪಾಗಿದೆ ಎಂದು. ಆ ಒಂದು ಪ್ರಶ್ನೆಗಾಗಿ ಮೂಳೆಗಳು, ಮೂಳೆ ಪರೀಕ್ಷೆಯೇ ಕೆಲಸವಾದ ನಮ್ಮ ತಂಡಕ್ಕೆ ಬಂದವು. ಗುರುತಿನ ವಿಷಯ ಇತ್ಯರ್ಥವಾಗಿದೆ, ತೂತಿನ ಬಗ್ಗೆ ಮಾತ್ರ ಹೇಳಿ ಎಂದು ಜೊತೆಗಿದ್ದ ಪತ್ರದಲ್ಲಿತ್ತು.

ಮಾಡಿದ್ದೇನು

ತೂತಿನ ಉತ್ತರ ಬೇಗ ಸಿಕ್ಕಿತು. ಎದೆಮೂಳೆಯ ಕೆಳಗಿನ ಭಾಗದಲ್ಲಿ, ನಟ್ಟನಡುವೆ, ಬಟಾಣಿ ಗಾತ್ರದ ದುಂಡನೆಯ ತೂತು. ಭೂತಗನ್ನಡಿಯಲ್ಲಿ ನೋಡಿದರೆ ಅಂಚು ಒಳಗಿನವರೆಗೂ ಗಟ್ಟಿ ಹೊರಮೂಳೆಯಿಂದಲೇ ಮುಚ್ಚಿಕೊಂಡಿತ್ತು. ಗುಂಡು ಹೊಕ್ಕಿದ್ದರೆ ಒಳಗಿನ ಸ್ಪಂಜಿನಂಥ ಭಾಗ ಬಾಯಿ ಬಿಡಬೇಕು, ಹೊರಬಿದ್ದ ಬದಿಯಲ್ಲಿ ಅಂಚು ಚಕ್ಕೆ ಎದ್ದಿರಬೇಕು, ಸುತ್ತ ಬಿರುಕಿರಬೇಕು. ಒಂದೂ ಇರಲಿಲ್ಲ. ಇದು ಹುಟ್ಟಿನಿಂದ ಬಂದ ತೂತು. ಎದೆಮೂಳೆ ಬೆಳೆಯುವಾಗ ಎರಡು ಬದಿಯ ತುಂಡುಗಳು ಪೂರ್ತಿ ಕೂಡಿಕೊಳ್ಳದೆ ಉಳಿಯುತ್ತದೆ. 100 ಜನರಲ್ಲಿ ಸುಮಾರು 5 ಜನಕ್ಕೆ ಇರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಈ ತೂತಿಗೆ ಮೋಸ ಹೋದವರು ಇವರೇ ಮೊದಲಲ್ಲ.

ಪತ್ರಕ್ಕೆ ಉತ್ತರ ಬರೆದು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಎದೆಮೂಳೆಯ ಜೊತೆ ಬಂದಿದ್ದ ಪಕ್ಕೆಲುಬಿನ ತುದಿಗಳು ಹಾಗೆ ಬಿಡುವಂತಿರಲಿಲ್ಲ. ಚಿಕ್ಕ ವಯಸ್ಸಿನವರಲ್ಲಿ ಎದೆಮೂಳೆಯ ಕಡೆಯ ತುದಿ ಚಪ್ಪಟೆ, ಅಂಚು ದುಂಡು. ವಯಸ್ಸಾದಂತೆ ಅಲ್ಲಿ ಗುಂಡಿ ಬೀಳುತ್ತದೆ, ಗೋಡೆ ತೆಳುವಾಗುತ್ತದೆ, ಅಂಚು ಚೂಪಾಗಿ ಮುಳ್ಳುಮುಳ್ಳಾಗುತ್ತದೆ. ಇಲ್ಲಿ ಗುಂಡಿ ಆಳವಾಗಿತ್ತು, ಅಂಚು ಚೂಪಾಗಿತ್ತು. 27ರ ಹುಡುಗನ ಪಕ್ಕೆಲುಬು ಹೀಗಿರುವುದಿಲ್ಲ. ಇದು ಮೊದಲ ತಿರುವು. ಪೂರ್ತಿ ಅಸ್ಥಿಪಂಜರವನ್ನು ಹೊಸದಾಗಿ ನೋಡುತ್ತೇವೆ, ಅಲ್ಲಿಯವರೆಗೆ ಮೂಳೆ ಯಾರಿಗೂ ಕೊಡಬೇಡಿ ಎಂದು ಕೇಳಿಕೊಂಡೆವು. ತನಿಖಾಧಿಕಾರಿ ಒಪ್ಪಿದರು. ಮನೆಯವರ ಒತ್ತಡ ಅವರ ಮೇಲಿತ್ತು, ಆದರೂ ಒಪ್ಪಿದರು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಕಷ್ಟದ ನಿರ್ಧಾರ ಅವರದ್ದೇ ಎಂದು ನನಗೆ ಈಗಲೂ ಅನಿಸುತ್ತದೆ.

ಗಂಡಸು ಎನ್ನುವುದರಲ್ಲಿ ತಕರಾರಿರಲಿಲ್ಲ. ಎಡ ಸೊಂಟದ ಮೂಳೆಯ ಮುಂಭಾಗವನ್ನು ಪ್ರಾಣಿಗಳು ಕಡಿದು ಹಾಳುಮಾಡಿದ್ದವು, ಬಲಭಾಗ ಚೆನ್ನಾಗಿತ್ತು. 1969ರಲ್ಲಿ ಫೆನೀಸ್ ಸೂಚಿಸಿದ ಮೂರು ಗುರುತುಗಳನ್ನು ಅದರಲ್ಲಿ ನೋಡಿದೆವು. ಹೆಂಗಸರಲ್ಲಿ ಕಾಣುವ ಏಣು, ಒಳಬಾಗು, ತೆಳು ಅಂಚು ಮೂರೂ ಇರಲಿಲ್ಲ. ಸೊಂಟದ ಮೂಳೆಯ ಹಿಂಬದಿಯ ದೊಡ್ಡ ಕಚ್ಚು ಇಕ್ಕಟ್ಟಾಗಿತ್ತು, ಅದೂ ಗಂಡಸರ ಲಕ್ಷಣ.

ವಯಸ್ಸಿಗೆ ಹೊತ್ತು ಹಿಡಿಯಿತು. ಸೊಂಟದ ಎರಡು ಮೂಳೆ ಮುಂದೆ ಸೇರುವ ಜಾಗಕ್ಕೆ ಪ್ಯೂಬಿಕ್ ಸಿಂಫಿಸಿಸ್ ಎನ್ನುತ್ತಾರೆ. ಇಪ್ಪತ್ತರ ಆಸುಪಾಸಿನಲ್ಲಿ ಆ ಮುಖ ಉತ್ತ ಹೊಲದ ಸಾಲಿನಂತೆ ಏರುತಗ್ಗಾಗಿರುತ್ತದೆ. ವರ್ಷ ಕಳೆದಂತೆ ಸಾಲು ಸವೆದು ಮಟ್ಟವಾಗುತ್ತದೆ, ಸುತ್ತ ಒಂದು ಅಂಚು ಕಟ್ಟಿಕೊಳ್ಳುತ್ತದೆ, ಆಮೇಲೆ ಆ ಅಂಚೂ ಒಡೆದು ಮುಖ ತೂತುತೂತಾಗುತ್ತದೆ. ಸೂಚಿ ಮತ್ತು ಬ್ರೂಕ್ಸ್ 1990ರಲ್ಲಿ ಕೊಟ್ಟ ಕ್ರಮದಲ್ಲಿ ಇದಕ್ಕೆ 6 ಹಂತ. ನಮ್ಮ ಮುಂದಿದ್ದದ್ದು 5ನೇ ಹಂತ. ಗಂಡಸರಲ್ಲಿ ಆ ಹಂತದ ಸರಾಸರಿ ವಯಸ್ಸು 45.6.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅದೇ 5ನೇ ಹಂತದಲ್ಲಿ ನೂರಕ್ಕೆ 95 ಪಾಲು ಗಂಡಸರು ಬೀಳುವ ವ್ಯಾಪ್ತಿ 27ರಿಂದ 66 ವರ್ಷ. ಅಂದರೆ ಈ ಒಂದು ಮೂಳೆಯನ್ನೇ ನೆಚ್ಚಿಕೊಂಡರೆ 27ರ ಹುಡುಗನನ್ನು ತೆಗೆದುಹಾಕುವ ಹಾಗೇ ಇಲ್ಲ. ಸರಾಸರಿಯನ್ನು ಮಾತ್ರ ವರದಿಯಲ್ಲಿ ಬರೆದಿದ್ದರೆ, ಸುಮಾರು 45 ಎಂದು ಓದಿದವರು 40ರಿಂದ 50ರವರೆಗೆ ಹುಡುಕಿ, 52ರ ಹಿರಿಯರನ್ನು ಮತ್ತೊಮ್ಮೆ ಕೈಬಿಡುತ್ತಿದ್ದರು. ಮೂಳೆ ವಯಸ್ಸನ್ನು ನೇರ ಹೇಳುವುದಿಲ್ಲ, ಸವೆತ ಹೇಳುತ್ತದೆ. ಸವೆತ ಎಲ್ಲರಿಗೂ ಒಂದೇ ವೇಗದಲ್ಲಿ ಆಗುವುದಿಲ್ಲ.

ಹಾಗಾಗಿ ಬೇರೆ ಜಾಗಗಳನ್ನೂ ಸೇರಿಸಿಕೊಂಡೆವು. ಕಾಲರ್ ಮೂಳೆಯ ಎದೆ ಕಡೆಯ ತುದಿ ದೇಹದಲ್ಲಿ ಕೊನೆಗೆ ಬೆಸೆಯುವ ಜಾಗಗಳಲ್ಲೊಂದು, ಸಾಮಾನ್ಯವಾಗಿ ಇಪ್ಪತ್ತರ ಕೊನೆಗೆ ಮುಗಿಯುತ್ತದೆ. ಇಲ್ಲಿ ಬೆಸುಗೆಯ ಗೆರೆಯೂ ಉಳಿದಿರಲಿಲ್ಲ. ಸೊಂಟದ ಹಿಂಬದಿಯ ಕೀಲು, ಪಕ್ಕೆಲುಬಿನ ತುದಿ, ಕೆಳಬೆನ್ನಿನ ಮಣಿಗಳ ಅಂಚಿನಲ್ಲಿ ಬೆಳೆದ ಮೂಳೆ ಮುಳ್ಳು ಎಲ್ಲವೂ ನಡುವಯಸ್ಸನ್ನೇ ತೋರಿಸಿದವು. ಬುರುಡೆಯ ಹೊಲಿಗೆಗಳಿಗೆ ಹೆಚ್ಚು ಬೆಲೆ ಕೊಡಲಿಲ್ಲ. ಅವು ಕೆಲವರಲ್ಲಿ ಮೂವತ್ತಕ್ಕೇ ಮುಚ್ಚುತ್ತವೆ, ಕೆಲವರಲ್ಲಿ ಅರವತ್ತಾದರೂ ತೆರೆದಿರುತ್ತವೆ. ಕೊನೆಗೆ 38ರಿಂದ 60 ಎಂದು ಬರೆದೆವು. ಇಷ್ಟು ಅಗಲ ಕೊಟ್ಟರೆ ಏನು ಪ್ರಯೋಜನ ಎಂದು ಠಾಣೆಯಲ್ಲಿ ಗೊಣಗಿದರಂತೆ. ನಮ್ಮ ಲೆಕ್ಕದಲ್ಲಿ ಅಷ್ಟು ಅಗಲ ಬೇಕೇ ಬೇಕಿತ್ತು.

ಎತ್ತರದ್ದೂ ಅದೇ ಕಥೆ. ಮೂಳೆ ಜೋಡಿಸಿ ಟೇಪು ಹಿಡಿದರೆ ಎಷ್ಟು ಬೇಕಾದರೂ ಬರುತ್ತದೆ. ಮಣಿಗಳ ನಡುವಿನ ಮೆತ್ತೆ ಎಷ್ಟು ದಪ್ಪ ಇತ್ತು, ಹಿಮ್ಮಡಿಯ ಮೆತ್ತೆ ಎಷ್ಟಿತ್ತು ಎಂಬುದೆಲ್ಲ ಜೋಡಿಸುವವರ ಕೈಯಲ್ಲಿರುತ್ತದೆ. ಸರಿಯಾದ ದಾರಿ ಎಂದರೆ ಉದ್ದ ಮೂಳೆಯನ್ನು ಅಳೆಯುವ ಹಲಗೆಯ ಮೇಲಿಟ್ಟು ಸೂತ್ರ ಹಾಕುವುದು. ಬಹಳ ಹೆಸರಾದದ್ದು ಟ್ರಾಟರ್ ಮತ್ತು ಗ್ಲೆಸರ್ ಅವರ 1952ರ ಸೂತ್ರಗಳು. ಅಮೆರಿಕದ ಬಿಳಿಯ ಗಂಡಸರಿಗೆ ಅವರು ಕೊಟ್ಟದ್ದು ಹೀಗೆ: ತೊಡೆಮೂಳೆಯ ಉದ್ದವನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು 2.38ರಿಂದ ಗುಣಿಸಿ 61.41 ಸೇರಿಸಿ, ನಿಜವಾದ ಎತ್ತರ ಅದಕ್ಕಿಂತ 3.27 ಸೆಂಟಿಮೀಟರ್ ಹೆಚ್ಚೋ ಕಡಿಮೆಯೋ ಇರಬಹುದು. ಆ 3.27ರೊಳಗೆ ಬರುವುದು ಮೂರರಲ್ಲಿ ಎರಡು ಪಾಲು ಜನ ಮಾತ್ರ. 95 ಪಾಲು ಜನರನ್ನು ಒಳಗೊಳ್ಳಬೇಕೆಂದರೆ ಅದರ ಎರಡರಷ್ಟು ಬಿಡಬೇಕು. ಒಂದು ಜನಸಮುದಾಯದ ಸೂತ್ರವನ್ನು ಇನ್ನೊಂದಕ್ಕೆ ಸುಮ್ನೆ ಹಾಕುವಂತೆಯೂ ಇಲ್ಲ, ಕಾಲಿಗೂ ಮುಂಡಕ್ಕೂ ಇರುವ ಅನುಪಾತ ಬೇರೆ ಬೇರೆ ಇರುತ್ತದೆ.

ಮೊಣಕಾಲ ಕೆಳಗಿನ ಮೂಳೆಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಟ್ರಾಟರ್ ಅದನ್ನು ಅಳೆಯುವಾಗ ಕಣಕಾಲಿನ ಒಳಗಂಟಿನ ಭಾಗವನ್ನು ಬಿಟ್ಟು ಅಳೆದಿದ್ದರು ಎಂದು 1995ರಲ್ಲಿ ಜಾಂಟ್ಜ್ ಮತ್ತು ಸಂಗಡಿಗರು ತೋರಿಸಿದರು. ಅಲ್ಲಿಯವರೆಗೆ ನಲವತ್ತು ವರ್ಷ ಜನ ಗಂಟು ಸೇರಿಸಿ ಅಳೆದು, ಗಂಟಿಲ್ಲದ ಸೂತ್ರಕ್ಕೆ ಹಾಕಿ, ಸತ್ತವರನ್ನು ಇದ್ದದ್ದಕ್ಕಿಂತ ಎತ್ತರ ಮಾಡುತ್ತಿದ್ದರು! ನಾವು ತೊಡೆಮೂಳೆಯನ್ನೇ ಆಧಾರವಾಗಿಟ್ಟುಕೊಂಡೆವು. ಉತ್ತರ 166 ಸೆಂಟಿಮೀಟರ್, ವ್ಯಾಪ್ತಿ 159ರಿಂದ 173.

ಅಷ್ಟಾದರೂ ಹುಡುಗನನ್ನು ಪೂರ್ತಿ ಕೈಬಿಡುವ ಗಟ್ಟಿ ಕಾರಣ ಇರಲಿಲ್ಲ. ನಮ್ಮ ಹುಡುಗನಿಗೆ ಬೆನ್ನು ನೋವಿತ್ತು, ಮೂಳೆ ಬೇಗ ಸವೆದಿರಬಹುದು ಎಂದು ಮನೆಯವರು ಹೇಳಿದರು. ಅದಕ್ಕೆ ಎದುರು ಮಾತಿಲ್ಲ. ವಯಸ್ಸಿನ ಅಂದಾಜಿನ ಬಲದ ಮೇಲೆ ಒಬ್ಬ ತಾಯಿಗೆ ಇದು ನಿಮ್ಮ ಮಗ ಅಲ್ಲ ಎಂದು ಹೇಳುವುದು ಸರಿಯೂ ಅಲ್ಲ.

ಆಗ ಸ್ಥಳಕ್ಕೇ ವಾಪಸ್ ಹೋಗಬೇಕು ಎಂದು ನಿರ್ಧರಿಸಿದೆವು. ಇಳಿಜಾರಿನಲ್ಲಿ ಬುರುಡೆ ಉರುಳುತ್ತದೆ. ಕೊಳೆಯುವಾಗ ಕೆಳದವಡೆ ಬೇಗ ಕಳಚಿಕೊಳ್ಳುತ್ತದೆ, ಅದು ಉರುಳುವ ಆಕಾರದ್ದಲ್ಲ. ಅಂದರೆ ಬುರುಡೆ ಸಿಕ್ಕ ಜಾಗದಿಂದ ಮೇಲಕ್ಕೆ ಹುಡುಕಬೇಕು. ಮೊದಲ ಹುಡುಕಾಟ ನಡೆದದ್ದೆಲ್ಲ ಹಳ್ಳದ ಬದಿಯಲ್ಲಿ. ಸಾಲಾಗಿ ನಿಂತು, ಕಂಡ ಪ್ರತಿ ಮೂಳೆಗೂ ಬಾವುಟ ನೆಟ್ಟು, ನಕ್ಷೆ ಬರೆಯುತ್ತಾ ಮೇಲೆ ಹತ್ತಿದೆವು. ಬೆರಳಿನ ಸಣ್ಣ ಮೂಳೆಗಳು, ಮಂಡಿ ಚಿಪ್ಪು, ಮಣಿಗಳು ಒಂದೇ ಕಡೆ ಗುಂಪಾಗಿ ಸಿಗತೊಡಗಿದವು. ಸಣ್ಣ ಮೂಳೆಗಳು ದೂರ ಹೋಗುವುದು ಕಡಿಮೆ, ದೇಹ ಮೊದಲು ಬಿದ್ದದ್ದು ಅಲ್ಲೇ. ಎಲೆ ಹಾಸನ್ನು ಕೈಯಿಂದ ಪದರ ಪದರವಾಗಿ ತೆಗೆದಾಗ ಕೆಳದವಡೆ ಮೊಗಚಿ ಬಿದ್ದಿತ್ತು, ಹಲ್ಲು ಮಣ್ಣಿನ ಕಡೆಗೆ.

ಮುಂದಿನ ಹಲ್ಲುಗಳು ಇರಲಿಲ್ಲ. ಆದರೆ ಅವುಗಳ ಗೂಡಿನ ಅಂಚು ಚೂಪಾಗಿತ್ತು, ಗೂಡು ಖಾಲಿಯಾಗಿತ್ತು. ಒಂದೇ ಬೇರಿನ ಹಲ್ಲು ಸತ್ತ ಮೇಲೆ ಹಾಗೇ ಉದುರುತ್ತದೆ. ಬದುಕಿದ್ದಾಗ ಕಿತ್ತಿದ್ದರೆ ಗೂಡು ಮೂಳೆಯಿಂದ ತುಂಬಿ ಏಣು ತಗ್ಗಿರುತ್ತಿತ್ತು. ದವಡೆ ಹಲ್ಲುಗಳೆಲ್ಲ ಇದ್ದವು. ತುದಿಯಲ್ಲಿ ಎರಡು ಕಡೆಯೂ ಬುದ್ಧಿಹಲ್ಲು, ಪೂರ್ತಿ ಮೇಲೆ ಬಂದು, ಮೇಲ್ದವಡೆಯ ಬುದ್ಧಿಹಲ್ಲುಗಳ ಜೊತೆ ಉಜ್ಜಿ ಸವೆದಿದ್ದವು. ನಾಲ್ಕಕ್ಕೆ ನಾಲ್ಕೂ ಇವೆ.

ಹುಡುಗ ಹಲ್ಲಿನ ವೈದ್ಯರ ಬಳಿ ಹೋದ ನೆನಪಿದೆಯಾ ಎಂದು ಮನೆಯವರನ್ನು ಕೇಳಿದೆವು. ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕಾಣೆಯಾಗುವ ಎರಡು ವರ್ಷ ಮೊದಲು ಕೆಳಗಿನ ಬುದ್ಧಿಹಲ್ಲು ನೋವು ಬಂದು ಕೀಳಿಸಿದ್ದನಂತೆ. ವೈದ್ಯರ ಚೀಟಿಯಲ್ಲಿ ಬಲಗಡೆಯದ್ದು ಎಂದಿತ್ತು. ಚೀಟಿಯಲ್ಲಿ ಎಡ ಬಲ ತಪ್ಪುವುದು ಅಪರೂಪವಲ್ಲ, ಆದ್ದರಿಂದ ಅದನ್ನೊಂದೇ ನಂಬಲಿಲ್ಲ. ಕಿತ್ತ ಮೇಲೆ ತೆಗೆದ ಪೂರ್ತಿ ದವಡೆಯ ಎಕ್ಸ್‌ರೇ ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಉಳಿದಿತ್ತು. ಅದರಲ್ಲಿ ಹಲ್ಲು ಇಲ್ಲದ ಜಾಗ ಸ್ಪಷ್ಟವಾಗಿತ್ತು. ನಮ್ಮ ದವಡೆಯಲ್ಲಿ ಎರಡೂ ಕಡೆ ಹಲ್ಲಿರುವುದರಿಂದ ಎಡ ಬಲದ ಗೊಂದಲಕ್ಕೂ ಜಾಗವಿರಲಿಲ್ಲ.

ಹೊಂದದೇ ಇರುವುದರಲ್ಲಿ ಎರಡು ಜಾತಿ ಇದೆ. ದಾಖಲೆಯಲ್ಲಿ ಇದ್ದ ಹಲ್ಲು ಬುರುಡೆಯಲ್ಲಿ ಇಲ್ಲ ಎಂದರೆ ಆಮೇಲೆ ಕಿತ್ತಿರಬಹುದು. ದಾಖಲೆಯಲ್ಲಿ ಗಟ್ಟಿಯಾಗಿದ್ದದ್ದು ಈಗ ಹುಳುಕಾಗಿದ್ದರೆ ಆಮೇಲೆ ಕೆಟ್ಟಿರಬಹುದು. ಕಾಲ ಅದನ್ನು ವಿವರಿಸುತ್ತದೆ. ಆದರೆ ಕಿತ್ತ ಬುದ್ಧಿಹಲ್ಲು ಮತ್ತೆ ಹುಟ್ಟುವುದಿಲ್ಲ. ಇದಕ್ಕೆ ಯಾವ ವಿವರಣೆಯೂ ಇಲ್ಲ. ಬೆಲ್ಟು, ಫೋಟೊ, ವಯಸ್ಸು, ಎತ್ತರ ನಾಲ್ಕೂ ಸೇರಿದರೂ ಈ ಒಂದು ಹಲ್ಲನ್ನು ದಾಟಲಾರವು. ಹುಡುಗ ಪಟ್ಟಿಯಿಂದ ಹೊರಬಂದ. ತಾಯಿಗೆ ಎರಡು ಎಕ್ಸ್‌ರೇಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆವು. "ಹಾಗಾದ್ರೆ ಇಷ್ಟು ದಿನ ನಾನು ಯಾರಿಗೆ ಅತ್ತೆ?" ಎಂದು ಕೇಳಿದರು. ಉತ್ತರ ಕೊಡುವ ಪ್ರಶ್ನೆಯಾಗಿರಲಿಲ್ಲ ಅದು.

ಆಮೇಲೆ ಏನಾಯಿತು

ಪಟ್ಟಿಯನ್ನು ಮತ್ತೆ ತೆರೆದಾಗ ವಯಸ್ಸು 35ರಿಂದ 65 ಎಂದು ಇಟ್ಟೆವು. ನಮ್ಮ ವ್ಯಾಪ್ತಿಗಿಂತಲೂ ಸ್ವಲ್ಪ ಜಾಸ್ತಿ, ಬೇಕೆಂದೇ. ಹಲವು ಹೆಸರು ಬಂದವು. ಹಿರಿಯರ ಹೆಸರೂ ಬಂತು, ಬಂದ ಕೂಡಲೇ ಬಿದ್ದುಹೋಗುವುದರಲ್ಲಿತ್ತು. ಫೈಲಿನಲ್ಲಿ ಎತ್ತರ ಐದು ಅಡಿ ಹತ್ತು ಇಂಚು ಎಂದಿತ್ತು, ಅಂದರೆ 178 ಸೆಂಟಿಮೀಟರ್. ನಮ್ಮ ಮೇಲಿನ ಗಡಿ 173.

ತಂಡದಲ್ಲಿ ಇದರ ಬಗ್ಗೆ ಚೆನ್ನಾಗಿಯೇ ವಾದ ನಡೆಯಿತು. ಗಡಿ ಹಾಕಿದ ಮೇಲೆ ಗಡಿ ಗಡಿಯೇ, ಇಲ್ಲದಿದ್ದರೆ ಅಳೆದದ್ದು ಯಾಕೆ ಎಂದು ಒಬ್ಬರು. ಅಳೆದದ್ದು ಮೂಳೆಯನ್ನು, ಫೈಲಿನ ಎತ್ತರವನ್ನು ಅಳೆದವರು ಯಾರು ಎಂದು ಇನ್ನೊಬ್ಬರು. ನಾನು ಎರಡನೆಯವರ ಕಡೆಗಿದ್ದೆ. ಎತ್ತರದ ವಿಷಯದಲ್ಲಿ ಗಂಡಸರು ತಾವೇ ಹೇಳಿಕೊಳ್ಳುವಾಗಲೂ ಸ್ವಲ್ಪ ಏರಿಸುತ್ತಾರೆ, ಮನೆಯವರು ನೆನಪಿನಿಂದ ಹೇಳುವಾಗ ಕೇಳುವುದೇ ಬೇಡ. ಫೈಲು ನೋಡಿದರೆ ಆ ಅಂಕಿ ಕೊಟ್ಟವರು ತಮ್ಮ. ಅವರು ಅಣ್ಣನ ಜೊತೆ ಬಾಳ ವರ್ಷದಿಂದ ಇರಲಿಲ್ಲ. "ಅಣ್ಣ ನನಗಿಂತ ಎತ್ತರ ಇದ್ದ" ಎಂಬುದೇ ಲೆಕ್ಕಕ್ಕೆ ಆಧಾರ. ಹಾಗಾಗಿ ಎತ್ತರದ ಮೇಲೆ ಯಾರನ್ನೂ ತೆಗೆಯುವುದು ಬೇಡ, ಅಳೆದ ದಾಖಲೆ ಸಿಕ್ಕಾಗ ನೋಡೋಣ ಎಂದು ತೀರ್ಮಾನವಾಯಿತು. ಹಿರಿಯರು ಕೆಲಸಕ್ಕೆ ಸೇರುವಾಗ ಆದ ವೈದ್ಯಕೀಯ ತಪಾಸಣೆಯ ಕಾಗದ ಆಮೇಲೆ ಸಿಕ್ಕಿತು. ಅದರಲ್ಲಿ 168.

ಅಷ್ಟರಲ್ಲಿ ಇನ್ನೊಂದು ಅಡ್ಡಿ. ಅಸ್ಥಿಪಂಜರದ ಬಲ ಕಾಲರ್ ಮೂಳೆ ಹಿಂದೆಂದೋ ಮುರಿದು ಕೂಡಿತ್ತು. ತುದಿಗಳು ಒಂದರ ಮೇಲೊಂದು ಏರಿ ಬೆಸೆದಿದ್ದರಿಂದ ಎಡಕ್ಕಿಂತ ಗಿಡ್ಡವಾಗಿತ್ತು. ಮಗುವಿನಲ್ಲಿ ಮುರಿದಿದ್ದರೆ ಬೆಳೆಯುವಾಗ ಬಹುಮಟ್ಟಿಗೆ ನೇರವಾಗುತ್ತದೆ, ಆದ್ದರಿಂದ ಇದು ದೊಡ್ಡವರಾದ ಮೇಲಿನ ಪೆಟ್ಟು. ತಮ್ಮನನ್ನು ಕೇಳಿದರೆ, ಅಣ್ಣನಿಗೆ ಮೂಳೆ ಮುರಿದದ್ದೇ ಇಲ್ಲ ಎಂದರು. ಖಚಿತವಾಗಿ ಹೇಳಿದರು. ಅಕ್ಕನನ್ನು ಕೇಳಿದರೆ ಬೇರೆಯೇ ಕಥೆ. ಹರೆಯದಲ್ಲಿ ಬೈಕಿನಿಂದ ಬಿದ್ದು, ಅಪ್ಪನಿಗೆ ಗೊತ್ತಾದರೆ ಬೈಯುತ್ತಾರೆಂದು ಅಕ್ಕನ ಮನೆಯಲ್ಲಿ ಕೈಗೆ ಜೋಳಿಗೆ ಕಟ್ಟಿಕೊಂಡು ಕೂತಿದ್ದರಂತೆ. ಮನೆಯವರು ‘ಇಲ್ಲ’ ಎಂದಾಗ ಅದನ್ನು ‘ನನಗೆ ಗೊತ್ತಿಲ್ಲ’ ಎಂದು ಓದಿಕೊಳ್ಳುವುದು ಕ್ಷೇಮ.

ಅಕ್ಕ ಇನ್ನೊಂದು ಉಪಕಾರ ಮಾಡಿದರು. ಹಿರಿಯರ ಹಳೆಯ ಎಕ್ಸ್‌ರೇ ಕವರನ್ನು ಎಸೆಯದೆ ಇಟ್ಟಿದ್ದರು. ಆಸ್ಪತ್ರೆಯಲ್ಲಿ ಅಷ್ಟು ಹಳೆಯ ದಾಖಲೆ ಉಳಿದಿರಲಿಲ್ಲ. ಕಾಲರ್ ಮೂಳೆಯ ಫಿಲ್ಮು ಅದರಲ್ಲಿರಲಿಲ್ಲ, ಇದ್ದಿದ್ದರೆ ಕೆಲಸ ಸುಲಭವಾಗುತ್ತಿತ್ತು. ಕೊರಿಯಾ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರನ್ನು ಈಗಲೂ ಗುರುತಿಸುತ್ತಿರುವುದು ಕ್ಷಯದ ತಪಾಸಣೆಗೆಂದು ತೆಗೆದಿದ್ದ ಎದೆಯ ಎಕ್ಸ್‌ರೇಗಳಲ್ಲಿ ಕಾಣುವ ಕಾಲರ್ ಮೂಳೆಯ ಆಕಾರದಿಂದಲೂ ಹೌದು. ನಮಗೆ ಸಿಕ್ಕಿದ್ದು ಸೈನಸ್ ತೊಂದರೆಗೆ ತೆಗೆಸಿದ್ದ ಮುಖದ ಎಕ್ಸ್‌ರೇ. ಅದು ಇನ್ನೂ ಒಳ್ಳೆಯದೇ ಆಯಿತು.

ಹಣೆಯ ಮೂಳೆಯೊಳಗೆ, ಹುಬ್ಬಿನ ಮೇಲ್ಗಡೆ, ಗಾಳಿ ತುಂಬಿದ ಗೂಡುಗಳಿರುತ್ತವೆ, ಇವೂ ಸೈನಸ್‌ಗಳೇ. ಅದರ ಮೇಲಂಚಿನ ಏರಿಳಿತ, ಒಳಗಿನ ತೆರೆಗೋಡೆಗಳು ಒಬ್ಬರ ಹಾಗೆ ಇನ್ನೊಬ್ಬರಿಗಿರುವುದಿಲ್ಲ. ತದ್ರೂಪಿ ಅವಳಿಗಳಲ್ಲೂ ಬೇರೆ. ಇಪ್ಪತ್ತರ ಹೊತ್ತಿಗೆ ಬೆಳವಣಿಗೆ ಮುಗಿದ ಮೇಲೆ ಆಕಾರ ಹೆಚ್ಚು ಬದಲಾಗುವುದಿಲ್ಲ. ಕಲ್ಬರ್ಟ್ ಮತ್ತು ಲಾ ಎಂಬ ವೈದ್ಯರು ಹೀಗೆ ಎಕ್ಸ್‌ರೇ ಹೋಲಿಸಿ ಒಬ್ಬರನ್ನು ಗುರುತಿಸಿದ್ದು 1927ರಷ್ಟು ಹಿಂದೆ.

ಹೇಳಿದಷ್ಟು ಸಲೀಸಲ್ಲ ಅದು. ಬುರುಡೆಯ ಮೊದಲ ಎಕ್ಸ್‌ರೇಯಲ್ಲಿ ಗೂಡಿನ ಜಾಗ ಮಬ್ಬಾಗಿ ಬಂತು, ಅಂಚೇ ಇಲ್ಲ. ಹಳ್ಳದಲ್ಲಿ ಬಿದ್ದಿದ್ದ ಬುರುಡೆಯಲ್ಲವೇ, ಮೂಗಿನ ದಾರಿಯಿಂದ ಒಳಗೆಲ್ಲ ಹೂಳು ತುಂಬಿತ್ತು. ಸಣ್ಣ ನಳಿಗೆಯಲ್ಲಿ ನೀರು ಬಿಟ್ಟು ನಿಧಾನವಾಗಿ ಕರಗಿಸಿ ತೆಗೆದು, ಒಣಗಿಸಿ, ಮತ್ತೆ ತೆಗೆದೆವು. ಆಮೇಲೆ ಕೋನದ ತಲೆನೋವು. ಬದುಕಿದ್ದ ಮನುಷ್ಯ ಫಿಲ್ಮಿಗೆ ಗಲ್ಲ ಎಷ್ಟು ಎತ್ತಿದ್ದರೋ ಬುರುಡೆಯನ್ನೂ ಅಷ್ಟೇ ಓರೆ ಇಡಬೇಕು. ಸ್ವಲ್ಪ ಹೆಚ್ಚುಕಡಿಮೆಯಾದರೂ ಗೂಡಿನ ಎತ್ತರ ಕುಗ್ಗಿ ಹಿಗ್ಗಿ ಕಾಣುತ್ತದೆ. ಸ್ಪಂಜಿನ ಬಳೆಯ ಮೇಲೆ ಬುರುಡೆ ಇಟ್ಟು, ಕಣ್ಣಿನ ಗುಳಿಯ ಮೇಲಂಚು ಮತ್ತು ಕೆನ್ನೆ ಮೂಳೆ ಎರಡು ಫಿಲ್ಮಿನಲ್ಲೂ ಒಂದೇ ಜಾಗಕ್ಕೆ ಬರುವವರೆಗೆ ಒಂಚೂರು ಒಂಚೂರೇ ತಿರುಗಿಸಿ ತೆಗೆಯುತ್ತಾ ಹೋದೆವು. ಗೂಡನ್ನು ನೋಡುತ್ತಾ ಕೋನ ಸರಿಪಡಿಸಬಾರದು, ಹಾಗೆ ಮಾಡಿದರೆ ನಮಗೆ ಬೇಕಾದಂತೆ ಕೂರಿಸಿದ ಹಾಗಾಗುತ್ತದೆ. ಅದಕ್ಕಾಗಿ ಕೋನ ಹೊಂದಿಸುವವರಿಗೆ ಹಣೆಯ ಭಾಗ ಮುಚ್ಚಿದ ಪ್ರತಿ ಕೊಟ್ಟಿದ್ದೆವು.

ಕೋನ ಕೂತ ಮೇಲೆ ಮುಚ್ಚಿದ್ದನ್ನು ತೆಗೆದೆವು. ಎಡಗಡೆ ಮೂರು ಏರು, ಬಲಗಡೆ ಒಂದೇ ದೊಡ್ಡದು, ನಡುಗೋಡೆ ಎಡಕ್ಕೆ ವಾಲಿದ್ದು, ಎಡದ ಎರಡನೇ ಏರಿನೊಳಗೆ ಅರ್ಧಕ್ಕೇ ನಿಂತ ಪುಟ್ಟ ಗೋಡೆ. ಎರಡು ಫಿಲ್ಮಿನಲ್ಲೂ ಹಾಗೇ. ವಿವರಿಸಲಾಗದ ವ್ಯತ್ಯಾಸ ಒಂದೂ ಇರಲಿಲ್ಲ.

ಇಷ್ಟೆಲ್ಲ ಯಾಕೆ, ಮೊದಲೇ ಡಿಎನ್‌ಎ ಮಾಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಡಿಎನ್‌ಎಗೆ ಹೋಲಿಸಲು ಎದುರಿಗೆ ಒಬ್ಬರು ಬೇಕು. ಹಿರಿಯರ ಫೈಲೇ ತೆರೆದಿರದಿದ್ದಾಗ ಅವರ ಅಕ್ಕನ ಮಾದರಿ ಎಲ್ಲಿಂದ ಬರಬೇಕು? ಹುಡುಗನ ತಾಯಿಯದ್ದನ್ನಾದರೂ ಮೊದಲೇ ತೆಗೆದುಕೊಳ್ಳಬೇಕಿತ್ತು, ಅದು ನಿಜ. ಬಟ್ಟೆ ಗುರುತು ಹಿಡಿದಾಗಿದೆ, ಖರ್ಚು ಯಾಕೆ ಎಂದು ಬಿಟ್ಟಿದ್ದರು. ನಾವು ಕೊನೆಗೆ ಮಾಡಿದಾಗಲೂ ಬಿಸಿಲಿಗೆ ಬಿಳುಚಿದ್ದ ತೊಡೆಮೂಳೆಯಿಂದ ಬಂದದ್ದು ಅರೆಬರೆ. ಒಳಕಿವಿಯ ಸುತ್ತ ಬುರುಡೆಯ ತಳದಲ್ಲಿರುವ ಪೆಟ್ರಸ್ ಎಂಬ ಬಲು ಗಟ್ಟಿ ಭಾಗದಿಂದ ಕೊರೆದು ತೆಗೆದ ಪುಡಿಯಲ್ಲಿ ಮೈಟೋಕಾಂಡ್ರಿಯಾದ ಡಿಎನ್‌ಎ ಸರಿಯಾಗಿ ಸಿಕ್ಕಿತು. ಅಕ್ಕನದ್ದರ ಜೊತೆ ಹೊಂದಿತು. ಅದು ತಾಯಿಯಿಂದ ಮಕ್ಕಳಿಗೆ ಬರುವಂಥದ್ದು, ಆ ಸಾಲಿನ ಎಲ್ಲರಲ್ಲೂ ಒಂದೇ ಇರುತ್ತದೆ, ಅಷ್ಟರಿಂದಲೇ ಹೆಸರು ಹೇಳಲಾಗದು. ಸೈನಸ್, ಕಾಲರ್ ಮೂಳೆ, ಅಳೆದ ಎತ್ತರ, ವಯಸ್ಸು ಜೊತೆಗಿದ್ದುದರಿಂದ ಹೇಳಿದೆವು.

ಸಾವು ಹೇಗಾಯಿತು ಎಂಬುದಕ್ಕೆ ಉತ್ತರ ಸಿಗಲಿಲ್ಲ. ಎಡಗಡೆಯ ಕೆಲವು ಪಕ್ಕೆಲುಬು ಮುರಿದಿದ್ದವು. ಮುರಿದ ಅಂಚು ನುಣುಪಾಗಿ, ಉಳಿದ ಮೂಳೆಯದ್ದೇ ಬಣ್ಣದಲ್ಲಿತ್ತು, ವಾಸಿಯಾಗಲು ಶುರುವಾದ ಗುರುತಿರಲಿಲ್ಲ. ಮೂಳೆ ಹಸಿಯಿದ್ದಾಗ, ಸಾವಿನ ಆಸುಪಾಸಿನಲ್ಲಿ ಮುರಿದದ್ದು ಎಂದಷ್ಟೇ ಹೇಳಬಹುದು. ಮೇಲಿನಿಂದ ಬಿದ್ದರೂ ಹಾಗಾಗುತ್ತದೆ, ಹೊಡೆದರೂ ಆಗುತ್ತದೆ, ಹೆಣ ಉರುಳಿದರೂ ಆಗುತ್ತದೆ. ನಿರ್ಧರಿಸಲಾಗಿಲ್ಲ ಎಂದು ಬರೆದೆವು. ಗುಂಡಿನ ಕಾರಣಕ್ಕೆ ವಿಚಾರಣೆಗೆ ಕರೆಸಿದ್ದ ಹುಡುಗನ ಗೆಳೆಯರ ಹೆಸರು ತನಿಖೆಯಿಂದ ಹೊರಬಂತು.

ಇದರಿಂದ ಬದಲಾದದ್ದು

ಆ ಠಾಣೆಯ ಕಾಣೆಯಾದವರ ಅರ್ಜಿಯಲ್ಲಿ ಈಗ ಎತ್ತರದ ಮುಂದೆ ಒಂದು ಸಣ್ಣ ಖಾನೆ ಇದೆ: ಹೇಳಿದವರು ಯಾರು, ಅಳೆದದ್ದೋ ನೆನಪೋ. ಹಲ್ಲಿನ ವೈದ್ಯರ ವಿವರ ಮತ್ತು ಯಾವುದೇ ಹಳೆಯ ಎಕ್ಸ್‌ರೇ ಇದೆಯೇ ಎಂದು ಮೊದಲ ದಿನವೇ ಕೇಳುತ್ತಾರೆ, ಮನೆಯ ಒಬ್ಬರನ್ನಲ್ಲ, ಕನಿಷ್ಠ ಇಬ್ಬರನ್ನು. ಯಾರನ್ನಾದರೂ ಪಟ್ಟಿಯಿಂದ ತೆಗೆದರೆ ಕಾರಣ ಬರೆಯಬೇಕು. ಕಾರಣ ವಯಸ್ಸು ಅಥವಾ ಎತ್ತರವಾಗಿದ್ದರೆ ಹೆಸರು ಪಕ್ಕಕ್ಕೆ ಹೋಗುತ್ತದೆ, ಅಳಿಸುವುದಿಲ್ಲ. ಇದರಿಂದ ಪಟ್ಟಿ ಉದ್ದವಾಗುತ್ತದೆ, ಕೆಲಸ ಜಾಸ್ತಿಯಾಗುತ್ತದೆ ಎಂಬ ತಕರಾರು ಇನ್ನೂ ಇದೆ. ತಕರಾರಿನಲ್ಲಿ ಹುರುಳೂ ಇದೆ. ದೊಡ್ಡ ವಿಪತ್ತಿನಲ್ಲಿ ನೂರಾರು ಹೆಸರಿದ್ದಾಗ ಇದೇ ಕ್ರಮ ನಡೆಯುತ್ತದೆ ಎಂದು ನಾನು ಹೇಳಲಾರೆ. ಅಲ್ಲಿ ಮೊದಲೇ ಎಲ್ಲರ ಡಿಎನ್‌ಎ ತೆಗೆದುಕೊಳ್ಳುವುದೇ ಮೇಲು.

ಹಿರಿಯರ ಮೂಳೆಗಳನ್ನು ಅಕ್ಕನಿಗೆ ಒಪ್ಪಿಸಿದರು. ಹುಡುಗನ ಫೈಲು ತೆರೆದೇ ಇದೆ. ಹಲ್ಲಿನ ಎಕ್ಸ್‌ರೇ ಮತ್ತು ತಾಯಿಯ ಡಿಎನ್‌ಎ ಈಗ ಅದರಲ್ಲಿವೆ. ಆಮೇಲೆ ಬೇರೆ ಕಡೆ ಸಿಕ್ಕ ಒಂದು ಬುರುಡೆಗೆ ಅದನ್ನು ಹೋಲಿಸಿ, ಇದು ಅವನಲ್ಲ ಎಂದು ಅದೇ ಮಧ್ಯಾಹ್ನ ಹೇಳಲು ಸಾಧ್ಯವಾಯಿತು.